ಓಲೆ ಹೊರುವವನು ಓಲೆಯನ್ನು ಓದಬಹುದೆ?

ಗ್ರಾಹಕರು ಅಂತರಜಾಲದಲ್ಲಿ ಯಾವ ಯಾವ ತಾಣಗಳನ್ನು ನೋಡುತ್ತಾರೆಂಬುದನ್ನು ಅವರಿಗೆ ಜಾಲಸೇವೆಯನ್ನು ಒದಗಿಸುವ ಕಂಪೆನಿಗಳೇ ಗುರುತುಮಾಡಿಕೊಂಡು, ಆ ಗುರುತುಗಳ ಆಧಾರದಿಂದ ಒಬ್ಬೊಬ್ಬರಿಗೆ ಒಂದೊಂದು ಬಗೆಯ ಜಾಹೀರಾತನ್ನು ತೋರಿಸಿ ಹಣ ಸಂಪಾದಿಸಬಹುದೆ ಎಂಬುದು ಹಲವು ವರ್ಷಗಳಿಂದ ದೇಶದೇಶಗಳಲ್ಲಿ ಚರ್ಚೆಗೆ ಒಳಗಾಗಿರುವ ಪ್ರಶ್ನೆ. ಇದು ಯಂತ್ರವಿದ್ಯೆ ಬಲ್ಲವರಿಗೆ ಮಾತ್ರ ಸಂಬಂಧಪಟ್ಟ ವಿಷಯವೆಂದು ನಮ್ಮ ಜನರಲ್ಲಿ ಅನೇಕರು ಭಾವಿಸಿರುವಂತೆ ತೋರುತ್ತದೆ. ನಮ್ಮ ಅಭಿಪ್ರಾಯ ಹಾಗಲ್ಲ. ಇದು ಪ್ರತಿಯೊಂದು ಮನೆಯ ಹೊಸ್ತಿಲಿಗೆ ಸಂಬಂಧಪಟ್ಟ ವಿಷಯ. ತಿಂಗಳು ತಿಂಗಳೂ ಹಣ ತೆತ್ತು ಪಡೆದ ಸೇವೆಯೇ ಹಣ ತೆತ್ತವರ ಮೇಲೆ ಬೇಹುಗಾರಿಕೆ ನಡೆಸುವುದು ನ್ಯಾಯವೆ? ನ್ಯಾಯವಲ್ಲವೆಂಬುದೇ ನಮ್ಮ ಸ್ಪಷ್ಟವಾದ ಉತ್ತರ. ಅದರ ಕಾರಣಗಳನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ನಮ್ಮ ನಗರದ ಪಶ್ಚಿಮ ಭಾಗವನ್ನೇ ನೋಡೋಣ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಯಾವ ಅಡ್ಡರಸ್ತೆಯಲ್ಲಿ ನಿಂತು ತಲೆಯೆತ್ತಿದರೂ ವಿದ್ಯುತ್ ಕಂಬದಿಂದ ಮಹಡಿಗೆ, ಮಹಡಿಯಿಂದ ತೆಂಗಿನ ಮರಕ್ಕೆ, ಅಲ್ಲಿಂದ ಎದುರುಮನೆಗೆ ಜೋತುಬಿದ್ದಿರುವ ಕಪ್ಪು ತಂತಿಗಳು ಕಣ್ಣಿಗೆ ಬೀಳುತ್ತವೆ. ಕೆಂಗೇರಿಯ ಉಪನಗರದ ಆಚೆಗೆ ಎದ್ದಿರುವ ಹೊಸ ಬಡಾವಣೆಗಳಿಗೂ ಈ ತಂತಿ ತಲಪಿದೆ. ಇದು ಶ್ರೀಮಂತರ ವಿಲಾಸವಾಗಿದ್ದ ಕಾಲ ಕಳೆದುಹೋಯಿತು. ಗೃಹಿಣಿಯು ವಿದ್ಯುತ್ತಿನ ಹಣವನ್ನು ಕಟ್ಟುವುದು ಇದರ ಮೂಲಕ. ನಿವೃತ್ತ ನೌಕರನು ತಾನು ಬದುಕಿರುವೆನೆಂಬ ಪ್ರಮಾಣಪತ್ರವನ್ನು ಸಲ್ಲಿಸುವುದು ಇದರ ಮೂಲಕ. ಸೇವಾಸಿಂಧುವಿನಲ್ಲಿ ಸರ್ಕಾರಕ್ಕೆ ಅರ್ಜಿ ಹಾಕುವುದೂ, ವೃತ್ತಿಶಿಕ್ಷಣದ ಸೀಟಿಗೆ ವಿದ್ಯಾರ್ಥಿಯು ತನ್ನ ಆಯ್ಕೆಯನ್ನು ನಮೂದಿಸುವುದೂ ಇದರ ಮೂಲಕವೇ. ಸರ್ಕಾರವೇ ಪ್ರಜೆಯನ್ನು ಈ ದಾರಿಯಲ್ಲಿ ಬಾ ಎಂದು ಕರೆಯುತ್ತಿರುವಾಗ, ‘ಇಷ್ಟವಿಲ್ಲದವರು ಅಂತರಜಾಲವನ್ನು ಬಿಟ್ಟುಬಿಡಲಿ’ ಎಂದು ಹೇಳುವುದು, ಇಷ್ಟವಿಲ್ಲದವರು ರಸ್ತೆಯಲ್ಲಿ ನಡೆಯದಿರಲಿ ಎಂದಂತೆಯೇ ಸರಿ.

ಈ ತಂತಿಯೊಳಗಿನ ವ್ಯವಹಾರವನ್ನು ಅಂಚೆಯ ದೃಷ್ಟಾಂತದಿಂದ ಸುಲಭವಾಗಿ ತಿಳಿಯಬಹುದು. ಹಿಂದೆ ಬಹುಪಾಲು ಜಾಲತಾಣಗಳ ವ್ಯವಹಾರವು ಅಂಚೆಯ ಕಾರ್ಡಿನಂತೆ ನಡೆಯುತ್ತಿತ್ತು. ಹೊತ್ತು ತರುವವನು ಮನಸ್ಸು ಮಾಡಿದರೆ ಒಕ್ಕಣೆಯನ್ನೆಲ್ಲ ಓದಬಹುದಾಗಿತ್ತು. ಈಗ ಬಹುಪಾಲು ತಾಣಗಳು ಗೂಢಲಿಪಿಯನ್ನು ಬಳಸುತ್ತವೆ. ಎಂದರೆ ಕಾರ್ಡಿನ ಬದಲು ಅಂಟಿಸಿದ ಲಕೋಟೆ ಬಂದಿದೆ. ಆದರೆ ಲಕೋಟೆಯ ಒಳಗು ಕಾಣದಿದ್ದರೂ ಮೇಲಿನ ವಿಳಾಸ ಕಾಣುತ್ತದೆ. ತಾಣದ ಹೆಸರನ್ನು ಅಂಕಿಗಳ ವಿಳಾಸವನ್ನಾಗಿ ಮಾಡಿಕೊಡುವ ಕೋಷ್ಟಕವೊಂದು ಅಂತರಜಾಲಕ್ಕೆ ಅವಶ್ಯಕ; ಮನೆಯ ರೌಟರನ್ನು ಕಂಪೆನಿಯ ಕೆಲಸಗಾರನು ಜೋಡಿಸಿಹೋದಾಗ ಆ ಕೋಷ್ಟಕವು ಸಾಮಾನ್ಯವಾಗಿ ಕಂಪೆನಿಯದೇ ಆಗಿರುತ್ತದೆ. ಆದುದರಿಂದ ಯಾವ ಮನೆಯಿಂದ, ಯಾವ ಹೊತ್ತಿನಲ್ಲಿ, ಯಾವ ತಾಣವನ್ನು ಎಷ್ಟು ಕಾಲ ನೋಡಿದರೆಂಬುದನ್ನು ತಿಳಿಯಲು ಕಂಪೆನಿಗೆ ಲಕೋಟೆಯನ್ನು ಒಡೆಯಬೇಕಾದ ಅಗತ್ಯವೇ ಇಲ್ಲ.

ಜಾಲತಾಣಗಳವರೂ ಹುಡುಕುಯಂತ್ರದವರೂ ಇದನ್ನೇ ಮಾಡುತ್ತಿಲ್ಲವೆ, ಬಡಪಾಯಿ ಕಂಪೆನಿಗಳನ್ನು ಮಾತ್ರ ಏಕೆ ದೂರಬೇಕು ಎಂದು ಕೇಳುವವರುಂಟು. ಅವರು ಮಾಡುತ್ತಿರುವುದೂ ಸರಿಯೆಂದು ನಾವು ಹೇಳುವುದಿಲ್ಲ. ಆದರೆ ಎರಡಕ್ಕೂ ದೊಡ್ಡ ಅಂತರವಿದೆ. ಒಂದು ಅಂಗಡಿಯವನು ತನ್ನ ಅಂಗಡಿಗೆ ಯಾರು ಬಂದರು, ಏನು ಕೊಂಡರು ಎಂಬುದನ್ನು ಬಲ್ಲನು. ಬೇಡವೆನಿಸಿದರೆ ಗಿರಾಕಿಯು ಬೇರೆ ಅಂಗಡಿಗೆ ಹೋಗಬಹುದು. ತಂತಿಯ ಕಂಪೆನಿಯವರಾದರೋ ಮನೆಯ ಬಾಗಿಲಲ್ಲೇ ನಿಂತು, ಮನೆಯವರು ಹೋದ ಎಲ್ಲ ಅಂಗಡಿಗಳ, ಎಲ್ಲ ವೈದ್ಯರ, ಎಲ್ಲ ವಕೀಲರ, ಎಲ್ಲ ದೇವಾಲಯಗಳ ಹೆಸರುಗಳನ್ನು ಬರೆದುಕೊಳ್ಳಬಲ್ಲರು. ಮೇಲಾಗಿ ಗ್ರಾಹಕನ ನಿಜವಾದ ಹೆಸರು, ಮನೆಯ ವಿಳಾಸ, ಗುರುತಿನ ಚೀಟಿಯ ಪ್ರತಿ ಇವೆಲ್ಲವೂ ಸೇವೆ ಪಡೆದ ದಿನವೇ ಅವರ ಕೈಸೇರಿರುತ್ತವೆ. ಉಚಿತವಾಗಿ ಸೇವೆ ಕೊಡುವ ತಾಣಗಳವರು ಜಾಹೀರಾತಿನಿಂದಲೇ ನಮ್ಮ ಜೀವನವೆಂದಾದರೂ ಹೇಳಿಕೊಳ್ಳಬಹುದು. ಬಾಡಿಗೆಯನ್ನು ಮುಂಗಡವಾಗಿ ಎಣಿಸಿಕೊಂಡವರಿಗೆ ಆ ನೆಪವೂ ಇಲ್ಲ.

ಇದರಿಂದ ಆಗುವ ಹಾನಿಯೇನೆಂದು ಕೇಳುವವರು ಸಾಧಾರಣವಾದ ಒಂದು ಸಂಸಾರವನ್ನು ಊಹಿಸಿಕೊಳ್ಳಲಿ. ತಂದೆಯು ತನಗೆ ಬಂದಿರಬಹುದಾದ ರೋಗದ ವಿಷಯವನ್ನು ಹೆಂಡತಿ ಮಕ್ಕಳಿಗೆ ಹೇಳದೆ ರಾತ್ರಿ ಒಬ್ಬನೇ ಕುಳಿತು ಓದುತ್ತಾನೆ. ತಾಯಿಯು ಬಳೆಗಳನ್ನು ಒತ್ತೆಯಿಟ್ಟರೆ ಎಷ್ಟು ಸಾಲ ಹುಟ್ಟೀತೆಂದು ವಿಚಾರಿಸುತ್ತಾಳೆ. ಗಂಡನ ಮನೆಯಿಂದ ಬಂದಿರುವ ಮಗಳು ವಿವಾಹ ವಿಚ್ಛೇದನದ ಕಾನೂನನ್ನು ನೋಡುತ್ತಾಳೆ. ಮಗನು ಈಗಿರುವ ಕೆಲಸವನ್ನು ಬಿಟ್ಟು ಬೇರೆ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾನೆ. ನಾಲ್ವರೂ ಒಬ್ಬರಿಗೊಬ್ಬರು ಹೇಳಿಕೊಳ್ಳದ ಮಾತುಗಳನ್ನು, ನಾಲ್ವರಿಗೂ ಪರಿಚಯವಿಲ್ಲದ ಒಂದು ಕಂಪೆನಿಯು ಬಲ್ಲದು. ಮನೆಗೆಲ್ಲ ಒಂದೇ ತಂತಿ. ಆ ತಂತಿಗೆ ಗುರಿಯಿಟ್ಟ ಜಾಹೀರಾತು ಮನೆಯಲ್ಲಿ ಯಾರ ಕಣ್ಣಿಗೆ ಬೀಳುವುದೆಂದು ಹೇಳಬಲ್ಲವರಾರು? ರೋಗದ ಔಷಧಿಯೋ ವಕೀಲರ ಪ್ರಕಟಣೆಯೋ ಬೇರೊಬ್ಬರ ಪರದೆಯ ಮೇಲೆ ಮೂಡಿದರೆ, ಆ ಸಂಸಾರದ ನೆಮ್ಮದಿಗೆ ಹೊಣೆ ಯಾರು? ಇನ್ನು, ಸಾಲಕ್ಕಾಗಿ ಹಂಬಲಿಸುತ್ತಿರುವವನನ್ನೇ ಹುಡುಕಿ ಹೆಚ್ಚು ಬಡ್ಡಿಯ ಸಾಲದ ಆಸೆ ತೋರಿಸುವುದನ್ನು ವ್ಯಾಪಾರವೆನ್ನಬೇಕೋ ಬೇಟೆಯೆನ್ನಬೇಕೋ ಓದುಗರೇ ನಿರ್ಧರಿಸಲಿ.

ತಂತಿಯವರು ಗ್ರಾಹಕನ ವ್ಯವಹಾರದಲ್ಲಿ ಕೈಹಾಕುವರೆಂಬ ಭಯವು ಕೇವಲ ಕಲ್ಪನೆಯಲ್ಲ. ಅದು ನಮ್ಮ ಬೆಂಗಳೂರಿನಲ್ಲಿಯೇ ಬಯಲಿಗೆ ಬಂದ ಸಂಗತಿ. ೨೦೧೫ರ ಜೂನ್ ತಿಂಗಳಲ್ಲಿ ಈ ನಗರದ ತಂತ್ರಜ್ಞರೊಬ್ಬರು ತಮ್ಮ ಸ್ವಂತ ಜಾಲತಾಣವನ್ನು ಏರ್‌ಟೆಲ್ ಕಂಪೆನಿಯ ೩ಜಿ ಸೇವೆಯ ಮೂಲಕ ತೆರೆದು ನೋಡಿದಾಗ, ತಾವು ಬರೆಯದೆ ಇದ್ದ ಕೆಲವು ಸಾಲುಗಳು ಪುಟದೊಳಗೆ ಸೇರಿಕೊಂಡಿರುವುದನ್ನು ಕಂಡರು. ಅವು ಯಂತ್ರಕ್ಕೆ ಆಜ್ಞೆ ಕೊಡುವ ಸಾಲುಗಳು; ದಾರಿಯಲ್ಲಿ, ಸಾಗಿಸುವವರ ಕೈಯಲ್ಲಿ, ಪುಟದೊಳಕ್ಕೆ ತುರುಕಲ್ಪಟ್ಟವು. ಅವರು ಆ ಸಾಕ್ಷ್ಯವನ್ನು ಸಾರ್ವಜನಿಕರ ಮುಂದಿಟ್ಟರು. ಆ ಸಾಲುಗಳನ್ನು ರಚಿಸಿದ್ದ ಇಸ್ರೇಲಿನ ಫ್ಲ್ಯಾಶ್ ನೆಟ್‌ವರ್ಕ್ಸ್ ಎಂಬ ಕಂಪೆನಿಯ ಪರವಾಗಿ, ಕೃತಿಸ್ವಾಮ್ಯದ ಭಂಗವಾಯಿತೆಂದು ಬೆದರಿಸುವ ವಕೀಲರ ನೋಟೀಸು ಕೆಲವೇ ದಿನಗಳಲ್ಲಿ ಅವರಿಗೆ ಬಂದಿತು. ಕಳ್ಳಗಂಡಿಯನ್ನು ತೋರಿಸಿದವನ ಮೇಲೆಯೇ ಗಂಡಿಯ ವಿನ್ಯಾಸವನ್ನು ಕದ್ದನೆಂಬ ಆರೋಪ! ಈ ನೋಟೀಸಿಗೂ ತಮಗೂ ಸಂಬಂಧವಿಲ್ಲವೆಂದು ಏರ್‌ಟೆಲ್‌ನವರು ಆಗ ತಿಳಿಸಿದರು. ಗ್ರಾಹಕರು ತಾವು ಬಳಸಿದ ದತ್ತಾಂಶದ ಪ್ರಮಾಣವನ್ನು ತಿಳಿಯಲೆಂದೇ ಈ ಏರ್ಪಾಡು ಎಂದೂ ವಿವರಿಸಿದರು. ಆ ವಿವರಣೆಯನ್ನು ಹಾಗೆಯೇ ಒಪ್ಪಿಕೊಂಡರೂ ಮೂಲ ಪ್ರಶ್ನೆ ಉಳಿಯುತ್ತದೆ. ಗ್ರಾಹಕನನ್ನು ಕೇಳದೆ ಅವನ ಪುಟದಲ್ಲಿ ಕೈಯಾಡಿಸುವ ಅಧಿಕಾರವನ್ನು ಕೊಟ್ಟವರು ಯಾರು? ಇಂದು ಅಳತೆಗಾಗಿ ತೆರೆದ ಬಾಗಿಲಿನಿಂದ ನಾಳೆ ಜಾಹೀರಾತು ಒಳಗೆ ಬರುವುದಿಲ್ಲವೆಂದು ಭರವಸೆ ಏನು?

ಇತರ ದೇಶಗಳ ಅನುಭವವೂ ನಮಗೆ ಪಾಠವಾಗತಕ್ಕದ್ದು. ಬ್ರಿಟನ್ನಿನಲ್ಲಿ ಬಿ. ಟಿ. ಕಂಪೆನಿಯವರು ಫಾರ್ಮ್ ಎಂಬ ಜಾಹೀರಾತು ಸಂಸ್ಥೆಯೊಡನೆ ಸೇರಿ ೨೦೦೬ ಮತ್ತು ೨೦೦೭ನೆಯ ಇಸವಿಗಳಲ್ಲಿ ತಮ್ಮ ಸಾವಿರಾರು ಗ್ರಾಹಕರ ಜಾಲವೀಕ್ಷಣೆಯನ್ನು ಅವರಿಗೆ ತಿಳಿಸದೆಯೇ ಪರೀಕ್ಷೆಗೆ ಒಳಪಡಿಸಿದರು. ೨೦೦೮ರಲ್ಲಿ ಈ ಗುಟ್ಟು ಹೊರಬಿದ್ದಾಗ ಜನರು ಸುಮ್ಮನಿರಲಿಲ್ಲ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಪ್ರಧಾನಮಂತ್ರಿಗೆ ಮನವಿ ಸಲ್ಲಿಸಿದರು. ವಿಶ್ವವ್ಯಾಪಿ ಜಾಲದ ಜನಕರಾದ ಟಿಮ್ ಬರ್ನರ್ಸ್-ಲೀ ಅವರೇ, ತಮ್ಮ ಸೇವೆಯ ಕಂಪೆನಿಯು ಇಂತಹ ಕೆಲಸಕ್ಕೆ ಕೈಹಾಕಿದರೆ ಅದನ್ನು ಬಿಟ್ಟು ಬೇರೊಂದಕ್ಕೆ ಹೋಗುವುದಾಗಿ ಸಾರಿದರು. ೨೦೦೯ರ ಏಪ್ರಿಲಿನಲ್ಲಿ ಯೂರೋಪಿನ ಆಯೋಗವು ಬ್ರಿಟಿಷ್ ಸರ್ಕಾರದ ಮೇಲೆಯೇ ಕ್ರಮವನ್ನು ಆರಂಭಿಸಿತು. ಅದೇ ವರ್ಷದ ಜುಲೈ ತಿಂಗಳಲ್ಲಿ ಬಿ. ಟಿ. ಕಂಪೆನಿಯವರು ಈ ಯೋಜನೆಯಿಂದ ಹಿಂದೆ ಸರಿದರು. ಎಚ್ಚೆತ್ತ ಜನಾಭಿಪ್ರಾಯದ ಮುಂದೆ ಎಷ್ಟು ದೊಡ್ಡ ಕಂಪೆನಿಯಾದರೂ ಬಾಗಲೇಬೇಕೆಂಬುದಕ್ಕೆ ಇದು ನಿದರ್ಶನ.

ಅಮೆರಿಕದ ಕಥೆ ಬೇರೆ. ಅಲ್ಲಿ ೨೦೧೬ರ ಅಕ್ಟೋಬರಿನಲ್ಲಿ ಸಂಪರ್ಕ ಆಯೋಗವು, ಗ್ರಾಹಕನ ಒಪ್ಪಿಗೆಯಿಲ್ಲದೆ ಅವನ ಜಾಲವೀಕ್ಷಣೆಯ ವಿವರಗಳನ್ನು ಜಾಹೀರಾತಿಗೆ ಬಳಸಕೂಡದೆಂದು ನಿಯಮ ಮಾಡಿತು. ಆ ನಿಯಮವು ಪೂರ್ಣವಾಗಿ ಜಾರಿಗೆ ಬರುವ ಮೊದಲೇ ಶಾಸಕಾಂಗವು ಅದನ್ನು ರದ್ದುಮಾಡಿತು. ಸೆನೆಟ್ ಸಭೆಯಲ್ಲಿ ೫೦ ಮತಗಳು ರದ್ದತಿಯ ಕಡೆಗೆ, ೪೮ ಮತಗಳು ವಿರೋಧವಾಗಿ. ೨೦೧೭ರ ಏಪ್ರಿಲ್ ೩ರಂದು ಅಧ್ಯಕ್ಷರ ಸಹಿಯೂ ಬಿದ್ದಿತು. ಎರಡೇ ಮತಗಳ ಅಂತರದಲ್ಲಿ ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋಯಿತು. ಇದರ ಪರಿಣಾಮವೇನು? ಆ ದೇಶದ ವಾಣಿಜ್ಯ ಆಯೋಗವು ಆರು ದೊಡ್ಡ ಜಾಲಸೇವಾ ಕಂಪೆನಿಗಳ ರೀತಿನೀತಿಗಳನ್ನು ಪರಿಶೀಲಿಸಿ ೨೦೨೧ರ ಅಕ್ಟೋಬರಿನಲ್ಲಿ ಹೊರಡಿಸಿದ ವರದಿಯಲ್ಲಿ, ಜನರನ್ನು ಜನಾಂಗವೇ ಮೊದಲಾದ ಅತಿ ಸೂಕ್ಷ್ಮವಾದ ವರ್ಗಗಳಾಗಿ ವಿಂಗಡಿಸಿ ಜಾಹೀರಾತಿಗೆ ಬಳಸುವ ಪದ್ಧತಿಯು ಅವರಲ್ಲಿ ಕಂಡುಬಂದಿತೆಂದು ಹೇಳಿದೆ. ಜಾತಿಯ ಗಾಯಗಳು ಇನ್ನೂ ಮಾಯದ ನಮ್ಮ ದೇಶದಲ್ಲಿ ಇಂತಹ ವಿಂಗಡಣೆ ಎಲ್ಲಿಗೆ ಮುಟ್ಟೀತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಂಪೆನಿಗಳ ಪರವಾಗಿ ಹೇಳುವ ಮಾತುಗಳನ್ನೂ ನಾವು ಉದಾಸೀನಮಾಡತಕ್ಕುದಲ್ಲ. ಜಾಹೀರಾತಿನ ವರಮಾನವಿದ್ದರೆ ಸೇವೆಯ ಬೆಲೆ ಇಳಿಯುವುದೆಂಬುದು ಮೊದಲನೆಯ ವಾದ. ನಮ್ಮಲ್ಲಿ ತಂತಿ ಎಳೆಯುವುದಕ್ಕೆ ಬಂಡವಾಳ ಬೇಕು, ಪೈಪೋಟಿ ಕಠಿನವಾದುದು ಎಂಬುದನ್ನು ನಾವು ಬಲ್ಲೆವು. ಆದರೆ ಅಮೆರಿಕದ ಎ. ಟಿ. ಅಂಡ್ ಟಿ. ಕಂಪೆನಿಯವರು ೨೦೧೬ರವರೆಗೆ ನಡೆಸಿದ ಏರ್ಪಾಡಿನಲ್ಲಿ, ತನ್ನ ಜಾಲವೀಕ್ಷಣೆಯನ್ನು ಕಂಪೆನಿಯು ನೋಡಕೂಡದೆಂದ ಗ್ರಾಹಕನು ತಿಂಗಳಿಗೆ ಸುಮಾರು ೨೯ ಡಾಲರ್ ಹೆಚ್ಚಾಗಿ ತೆರಬೇಕಾಗಿತ್ತು. ಬೆಲೆ ಇಳಿಯುವುದೆಂದರೆ ಅದರ ಅರ್ಥ ಇದೇ: ಹಣವುಳ್ಳವನ ಮನೆಗೆ ಬಾಗಿಲು, ಹಣವಿಲ್ಲದವನ ಮನೆಗೆ ಬರಿಯ ಚೌಕಟ್ಟು. ಮಾನವು ಮಾರಾಟದ ಸರಕಾಗಬಾರದು.

ವಿವರಗಳಿಂದ ಹೆಸರನ್ನು ಅಳಿಸಿಯೇ ಬಳಸುತ್ತೇವೆಂಬುದು ಎರಡನೆಯ ವಾದ. ವಿಜಯನಗರದ ಒಂದು ಮನೆಯಿಂದ ಪ್ರತಿದಿನವೂ ಒಂದು ಶಾಲೆಯ, ಒಂದು ಬ್ಯಾಂಕಿನ, ಒಂದು ಆಸ್ಪತ್ರೆಯ, ಒಂದು ಕಚೇರಿಯ ತಾಣಗಳನ್ನು ನೋಡುವವರು ಎಷ್ಟು ಮಂದಿ ಇದ್ದಾರು? ನಾಲ್ಕು ಗುರುತುಗಳು ಸೇರಿದರೆ ಹೆಸರಿನ ಅಗತ್ಯವೇ ಇರುವುದಿಲ್ಲ. ‘ನನ್ನಲ್ಲಿ ಮುಚ್ಚಿಡುವಂಥದು ಏನೂ ಇಲ್ಲ’ ಎಂದು ಸಂಭಾವಿತರು ಕೆಲವರು ಹೇಳುವುದುಂಟು. ಅವರ ಮನೆಗಳ ಕಿಟಕಿಗಳಿಗೂ ಪರದೆಗಳಿವೆ ಎಂಬುದನ್ನು ಮಾತ್ರ ನೆನಪಿಗೆ ತರುತ್ತೇವೆ. ಪರದೆಯು ಅಪರಾಧದ ಗುರುತಲ್ಲ, ಮರ್ಯಾದೆಯ ಗುರುತು.

ಗ್ರಾಹಕನು ಸಹಿ ಹಾಕಿ ಒಪ್ಪಿರುವನೆಂಬುದು ಮೂರನೆಯ ವಾದ, ಮತ್ತು ಮುಖ್ಯವಾದ ವಾದ. ಎಂತಹ ಒಪ್ಪಿಗೆ ಇದು? ಸಣ್ಣ ಅಕ್ಷರಗಳಲ್ಲಿ, ಹತ್ತಾರು ಪುಟಗಳಲ್ಲಿ, ವಕೀಲರ ಇಂಗ್ಲಿಷಿನಲ್ಲಿ ಬರೆದ ಕರಾರಿನ ಕೆಳಗೆ, ಓದಲು ಅವಕಾಶವೂ ಇಲ್ಲದೆ ಒತ್ತಿದ ಒಂದು ಗುರುತು. ತಂತಿಯ ಕಂಪೆನಿಗಳು ಜಾಹೀರಾತಿನ ವ್ಯಾಪಾರಕ್ಕೆ ಇಳಿದಿರುವುದು ಗುಟ್ಟೇನಲ್ಲ. ೨೦೨೧ರ ಫೆಬ್ರವರಿಯಲ್ಲಿ ಏರ್‌ಟೆಲ್‌ನವರು ಅಂತಹ ವಿಭಾಗವನ್ನು ಆರಂಭಿಸಿದಾಗ, ಗ್ರಾಹಕರ ಒಪ್ಪಿಗೆಯ ಮೇಲೆಯೇ ಅದು ನಡೆಯುವುದೆಂದು ಪ್ರಕಟಿಸಿದರು. ಆ ಮಾತನ್ನು ಸುಳ್ಳೆನ್ನುವ ಉದ್ದೇಶ ನಮಗಿಲ್ಲ. ಆದರೆ ಯಾವ ಒಪ್ಪಿಗೆ, ಯಾವ ಭಾಷೆಯಲ್ಲಿ, ಯಾವ ವಿವರಗಳಿಗೆ ಎಂದು ಕೇಳುವ ಹಕ್ಕು ಅವರಿಗೂ ಅವರ ಸ್ಪರ್ಧಿಗಳಿಗೂ ಹಣ ತೆರುವ ಪ್ರತಿಯೊಬ್ಬ ಗ್ರಾಹಕನಿಗೆ ಇದೆ. ಅರಿಯದೆ ಕೊಟ್ಟ ಒಪ್ಪಿಗೆಯು ಒಪ್ಪಿಗೆಯಲ್ಲ.

ಸಾಗಿಸುವವನು ಓದಕೂಡದೆಂಬ ತತ್ತ್ವವು ನಮ್ಮ ದೇಶಕ್ಕೆ ಹೊಸದೂ ಅಲ್ಲ. ೧೮೮೫ರ ತಂತಿ ಕಾನೂನು ಪರಕೀಯ ಸರ್ಕಾರವು ಮಾಡಿದುದು. ದೇಶಭಕ್ತರ ಪತ್ರಗಳನ್ನು ಒಡೆದು ಓದುವ ಅಧಿಕಾರವನ್ನು ಆ ಸರ್ಕಾರವು ತನಗಾಗಿ ಇಟ್ಟುಕೊಂಡಿತ್ತು. ಅದರ ಕಹಿಯನ್ನು ಉಂಡ ಮನೆತನಗಳು ಕರ್ನಾಟಕದಲ್ಲಿ ಕಡಿಮೆಯೇನಲ್ಲ. ಅಂತಹ ಸರ್ಕಾರವೂ ಕೂಡ, ತಂತಿಯ ಒಕ್ಕಣೆಯನ್ನು ಅನ್ಯರಿಗೆ ಹೊರಗೆಡಹಿದ ನೌಕರನಿಗೆ ಮೂರು ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸಿತ್ತು. ಅಲ್ಪ ಸಂಬಳದ ಗುಮಾಸ್ತನಿಗೆ ಪರರ ಆಳ್ವಿಕೆಯಲ್ಲಿ ನಿಷಿದ್ಧವಾಗಿದ್ದ ಕಾರ್ಯವು ಕೋಟ್ಯಂತರ ವರಮಾನದ ಕಂಪೆನಿಗೆ ನಮ್ಮ ಸ್ವರಾಜ್ಯದಲ್ಲಿ ವಿಹಿತವಾಗಬೇಕೆ? ಬೇಲಿಯೇ ಹೊಲ ಮೇಯುವುದಕ್ಕೆ ನಾವು ಪರವಾನಗಿ ಕೊಡಬೇಕೆ?

ಈ ವಿಷಯದಲ್ಲಿ ಕನ್ನಡನಾಡಿನ ಹೆಸರು ದೊಡ್ಡದು. ೧೯೮೮ರ ಆಗಸ್ಟಿನಲ್ಲಿ, ದೂರವಾಣಿಯ ಮಾತುಗಳನ್ನು ಕದ್ದು ಕೇಳಿದ ಆರೋಪದ ಗದ್ದಲದ ನಡುವೆ, ಶ್ರೀ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯ ಪದವಿಯನ್ನು ತ್ಯಜಿಸಬೇಕಾಯಿತು. ಎಂದರೆ ಪರರ ಮಾತಿಗೆ ಕಿವಿಗೊಡುವುದು ಸರ್ಕಾರಗಳನ್ನೇ ಅಲುಗಿಸತಕ್ಕ ದೋಷವೆಂದು ಈ ನಾಡು ಅಂದೇ ಎಣಿಸಿತ್ತು. ಅದಕ್ಕಿಂತ ಹೆಮ್ಮೆಯ ಸಂಗತಿ ಇನ್ನೊಂದಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಶ್ರೀ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, ೨೦೧೨ನೆಯ ಇಸವಿಯಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಆ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು ೨೦೧೭ರ ಆಗಸ್ಟ್ ೨೪ರಂದು, ಖಾಸಗಿತನವು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಪುಟ್ಟಸ್ವಾಮಿಯವರು ೨೦೨೪ರ ಅಕ್ಟೋಬರಿನಲ್ಲಿ ದಿವಂಗತರಾದರು. ನಮ್ಮವರೊಬ್ಬರು ಇಡೀ ಭರತಖಂಡಕ್ಕೆ ಗಳಿಸಿಕೊಟ್ಟ ಹಕ್ಕನ್ನು ನಮ್ಮ ಮನೆಯ ತಂತಿಯಲ್ಲಿಯೇ ಕಳೆದುಕೊಂಡೆವೆಂದರೆ ನಗೆಗೀಡಾಗುವವರು ನಾವೇ.

ಇನ್ನು ಈಗಿರುವ ಕಾನೂನಿನ ವಿಚಾರ. ಗ್ರಾಹಕನ ವಿವರಗಳಿಗೆ ಗ್ರಾಹಕನೇ ಒಡೆಯ, ಅವುಗಳನ್ನು ಸಂಗ್ರಹಿಸಿದವರು ಕೇವಲ ಪಾಲಕರು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ೨೦೧೮ರ ಜುಲೈ ತಿಂಗಳಲ್ಲಿಯೇ ಶಿಫಾರಸು ಮಾಡಿತು. ೨೦೨೩ರ ಆಗಸ್ಟಿನಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಅಧಿನಿಯಮಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಅದರಲ್ಲಿ ಮೆಚ್ಚತಕ್ಕ ಅಂಶಗಳಿವೆ. ಒಪ್ಪಿಗೆಯು ಸ್ವತಂತ್ರವಾಗಿಯೂ ನಿರ್ದಿಷ್ಟವಾಗಿಯೂ ತಿಳಿವಳಿಕೆಯಿಂದ ಕೂಡಿದುದಾಗಿಯೂ ಷರತ್ತಿಲ್ಲದುದಾಗಿಯೂ ಇರಬೇಕು. ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂದಕ್ಕೆ ಪಡೆಯುವಂತಿರಬೇಕು. ಹದಿನೆಂಟು ತುಂಬದ ಮಕ್ಕಳನ್ನು ಹಿಂಬಾಲಿಸುವುದೂ ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದೂ ಸಲ್ಲದು. ಅಧಿನಿಯಮವೇ ಒಂದು ದೃಷ್ಟಾಂತವನ್ನು ಕೊಡುತ್ತದೆ: ದೂರದಿಂದ ವೈದ್ಯಸಲಹೆ ನೀಡುವ ಸೇವೆಯೊಂದು ರೋಗಿಯ ದೂರವಾಣಿಯಲ್ಲಿರುವ ಪರಿಚಿತರ ಪಟ್ಟಿಗೂ ಒಪ್ಪಿಗೆ ಪಡೆದರೆ, ಚಿಕಿತ್ಸೆಗೆ ಆ ಪಟ್ಟಿಯ ಅಗತ್ಯವಿಲ್ಲದ ಕಾರಣ ಆ ಒಪ್ಪಿಗೆ ಅದಕ್ಕೆ ಅನ್ವಯಿಸದು. ಇದೇ ನ್ಯಾಯದಿಂದ, ತಂತಿಯ ಸೇವೆಗೆ ಒಪ್ಪಿದವನು ತನ್ನ ಜಾಲವೀಕ್ಷಣೆಯ ಪಟ್ಟಿಯನ್ನು ಜಾಹೀರಾತಿಗೆ ಒಪ್ಪಿಸಿದಂತೆ ಆಗಲಾರದೆಂದು ನಾವು ತಿಳಿಯುತ್ತೇವೆ. ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಅಂಶ ಇನ್ನೊಂದು: ಒಪ್ಪಿಗೆ ಕೇಳುವ ಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಅವಕಾಶವನ್ನು ಪ್ರಜೆಗೆ ಕೊಡಲೇಬೇಕು. ಕನ್ನಡವು ಇಲ್ಲಿ ದಯೆಯಿಂದ ದೊರೆಯುವುದಲ್ಲ, ಕಾನೂನಿನಿಂದ ದೊರೆಯುವುದು.

ಆದರೆ ಕೊರತೆಗಳೂ ಸಣ್ಣವಲ್ಲ. ನಿಯಮಗಳು ಪ್ರಕಟವಾದುದು ೨೦೨೫ರ ನವೆಂಬರಿನಲ್ಲಿ. ಆ ಪ್ರಕಟಣೆಯಂತೆ ಮುಖ್ಯವಾದ ವಿಧಿಗಳು ಜಾರಿಗೆ ಬರುವುದು ಹದಿನೆಂಟು ತಿಂಗಳುಗಳ ಬಳಿಕ, ಎಂದರೆ ೨೦೨೭ರ ಮೇ ತಿಂಗಳಲ್ಲಿ. ಅಂಕಿತಕ್ಕೂ ಆಚರಣೆಗೂ ಸುಮಾರು ನಾಲ್ಕು ವರ್ಷಗಳ ಅಂತರ! ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲನ್ನು ಹಾಕಿದರೆ ಪ್ರಯೋಜನವೇನು? ಅತಿ ಗುರುತರವಾದ ತಪ್ಪಿಗೆ ೨೫೦ ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಬಹುದಾದರೂ ಆ ಹಣವೆಲ್ಲ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ. ನೊಂದ ಗೃಹಸ್ಥನಿಗೆ ಈ ಅಧಿನಿಯಮದಲ್ಲಿ ಪರಿಹಾರವಿಲ್ಲ. ಅವನ ದೂರು ಹುರುಳಿಲ್ಲದುದೆಂದು ಕಂಡರೆ ಅವನಿಗೇ ೧೦,೦೦೦ ರೂಪಾಯಿಗಳವರೆಗೆ ದಂಡ ಬೀಳಬಹುದು. ತೀರ್ಪು ಹೇಳತಕ್ಕ ಮಂಡಲಿಯ ಸದಸ್ಯರನ್ನು ನೇಮಿಸುವುದು ಕೇಂದ್ರ ಸರ್ಕಾರವೇ. ಇಂತಹ ಸ್ಥಿತಿಯಲ್ಲಿ ಕಾನೂನು ಬಂದಿತೆಂದು ಪ್ರಜೆಗಳು ಕಣ್ಣು ಮುಚ್ಚಿ ಕುಳಿತರೆ, ಕಾನೂನೂ ಅವರೊಡನೆ ನಿದ್ರಿಸುವುದು ನಿಶ್ಚಯ.

ಆದುದರಿಂದ ಈಗ ಆಗಬೇಕಾದ ಕೆಲಸಗಳನ್ನು ನಿರ್ದಿಷ್ಟವಾಗಿ ಸೂಚಿಸುತ್ತೇವೆ. ಕೇಂದ್ರ ಸರ್ಕಾರದವರು ೨೦೨೭ರವರೆಗೆ ಕಾಯದೆ, ಜಾಲಸೇವೆಯ ಪರವಾನಗಿಯ ಷರತ್ತುಗಳಲ್ಲಿಯೇ, ಗ್ರಾಹಕರು ನೋಡಿದ ತಾಣಗಳ ವಿವರವನ್ನು ಸೇವೆ ನಡೆಸುವುದಕ್ಕೂ ಕಾನೂನು ವಿಧಿಸಿದ ಕಾರ್ಯಗಳಿಗೂ ಹೊರತು ಬೇರೆ ಯಾವುದಕ್ಕೂ ಬಳಸಕೂಡದೆಂದು ಸ್ಪಷ್ಟಪಡಿಸಬೇಕು. ಯಾರಾದರೂ ಗ್ರಾಹಕನು ಮನಃಪೂರ್ವಕವಾಗಿ ಒಪ್ಪುವುದಾದರೆ, ಆ ಒಪ್ಪಿಗೆಯನ್ನು ಸೇವೆಯ ಕರಾರಿನಿಂದ ಬೇರೆಯಾದ ಪತ್ರದಲ್ಲಿ, ಒಂದೇ ಪುಟದಲ್ಲಿ, ಅವನ ಭಾಷೆಯಲ್ಲಿ ಪಡೆಯಬೇಕು. ಒಪ್ಪದವನಿಗೆ ಬೆಲೆಯಲ್ಲಾಗಲಿ ವೇಗದಲ್ಲಾಗಲಿ ಯಾವ ಭೇದವನ್ನೂ ಮಾಡಕೂಡದು.

ದೂರಸಂಪರ್ಕವು ಕೇಂದ್ರದ ಅಧಿಕಾರಕ್ಕೆ ಸೇರಿದುದೆಂದು ರಾಜ್ಯ ಸರ್ಕಾರದವರು ಕೈಕಟ್ಟಿ ಕೂಡಬೇಕಾಗಿಲ್ಲ. ಸರ್ಕಾರದ ಕಚೇರಿಗಳು, ಶಾಲೆಗಳು, ಗ್ರಂಥಾಲಯಗಳು ಸೇರಿ ಈ ಸೇವೆಗೆ ರಾಜ್ಯವೇ ದೊಡ್ಡ ಗ್ರಾಹಕ. ತನ್ನ ಕರಾರುಗಳಲ್ಲಿ ಈ ನಿಷೇಧವನ್ನು ಸೇರಿಸುವುದಕ್ಕೆ ಯಾರ ಅಪ್ಪಣೆಯೂ ಬೇಡ. ಈ ಅಂಕಣವನ್ನು ಓದುವ ಅಧಿಕಾರಿಗಳು ತಮ್ಮ ಕಚೇರಿಯ ಕರಾರಿನ ಪತ್ರವನ್ನು ಒಮ್ಮೆ ತರಿಸಿ ನೋಡುವರೆಂದು ನಂಬಿದ್ದೇವೆ. ಸಾರ್ವಜನಿಕರ ಅರ್ಜಿಗಳೂ ಅವರ ಕಷ್ಟಸುಖಗಳೂ ಹಾದುಹೋಗುವುದು ಅದೇ ತಂತಿಯಲ್ಲಿ.

ಕಂಪೆನಿಗಳವರಿಗೆ ನಮ್ಮದು ವೈರವಿಲ್ಲ. ಮಳೆಯಲ್ಲಿ ಕಂಬವೇರಿ ತಂತಿಯನ್ನು ಸರಿಪಡಿಸುವ ಅವರ ಕೆಲಸಗಾರರ ಶ್ರಮದಿಂದಲೇ ಈ ನಗರದ ವ್ಯವಹಾರ ನಡೆಯುತ್ತಿದೆ. ಕಾನೂನು ಬಲವಂತಪಡಿಸುವ ಮೊದಲೇ ‘ನಾವು ಓದುವುದಿಲ್ಲ, ಮಾರುವುದಿಲ್ಲ’ ಎಂದು ಕನ್ನಡದಲ್ಲಿ ಬರೆದು ಸಾರುವ ಕಂಪೆನಿಗೆ ಜನರ ವಿಶ್ವಾಸವೇ ದೊಡ್ಡ ಬಂಡವಾಳವಾಗುವುದು.

ಉಳಿದುದು ಮಹಾಜನರ ಕರ್ತವ್ಯ. ೨೦೧೫ರಲ್ಲಿ ಅಂತರಜಾಲದ ಸಮಾನತೆಯ ಪ್ರಶ್ನೆ ಎದ್ದಾಗ ದೇಶದ ಹತ್ತು ಲಕ್ಷಕ್ಕೂ ಮೀರಿದ ಪತ್ರಗಳು ನಿಯಂತ್ರಣ ಪ್ರಾಧಿಕಾರಕ್ಕೆ ಹೋದುವು. ೨೦೧೬ರ ಫೆಬ್ರವರಿ ೮ರಂದು ಪ್ರಾಧಿಕಾರವು ತಾಣತಾಣಕ್ಕೂ ಬೇರೆ ಬೇರೆ ದರ ವಿಧ��ಸುವುದನ್ನು ನಿಷೇಧಿಸಿತು. ಆಗ ಸಾಧ್ಯವಾದುದು ಈಗ ಏಕೆ ಅಸಾಧ್ಯ? ರಾಜಾಜಿನಗರದಿಂದ ಕೆಂಗೇರಿಯವರೆಗೆ ಬಡಾವಣೆಗೊಂದರಂತೆ ನಿವಾಸಿಗಳ ಸಂಘಗಳಿವೆ. ನೀರಿಗೂ ದೀಪಕ್ಕೂ ಕಸಕ್ಕೂ ಮನವಿ ಬರೆಯುವ ಆ ಸಂಘಗಳು ಇದಕ್ಕೂ ಒಂದು ಹಾಳೆಯನ್ನು ಮೀಸಲಿಡಲಿ. ಪ್ರತಿಯೊಬ್ಬ ಗ್ರಾಹಕನೂ ತನ್ನ ಕಂಪೆನಿಗೆ ಕನ್ನಡದಲ್ಲಿ ಮೂರು ಪ್ರಶ್ನೆಗಳನ್ನು ಬರೆದು ಕೇಳಲಿ: ನಾನು ನೋಡಿದ ತಾಣಗಳ ವಿವರವನ್ನು ನೀವು ಇಟ್ಟುಕೊಳ್ಳುತ್ತೀರಾ? ಎಷ್ಟು ಕಾಲ, ಯಾವ ಕಾರಣಕ್ಕಾಗಿ? ಅದನ್ನು ಜಾಹೀರಾತಿಗಾಗಿ ಬಳಸುವುದಕ್ಕೆ ನಾನು ಎಂದು, ಎಲ್ಲಿ ಒಪ್ಪಿದೆ? ಉತ್ತರ ಬಂದರೆ ತಿಳಿವಳಿಕೆ ದೊರೆಯಿತು; ಬಾರದಿದ್ದರೆ ಆ ಮೌನವೇ ದೂರಿಗೆ ಆಧಾರವಾಯಿತು.

ನಮ್ಮ ಹಿರಿಯರು ಅಂಚೆಯವನನ್ನು ಜಗುಲಿಯ ಮೇಲೆ ಕೂಡಿಸಿ ನೀರು ಮಜ್ಜಿಗೆ ಕೊಟ್ಟು ಉಪಚರಿಸುತ್ತಿದ್ದರು. ಊರಿನ ಸಾವು ನೋವುಗಳೆಲ್ಲ ಅವನ ಚೀಲದಲ್ಲಿ ಇರುತ್ತಿದ್ದುವು; ಆದರೂ ಅವನು ಬಾಗಿಲಿನಲ್ಲಿ ಕಾಗದವನ್ನು ಕೊಟ್ಟು ಮುಂದಿನ ಮನೆಗೆ ನಡೆಯುತ್ತಿದ್ದನು. ಆ ಗೌರವವು ಅವನ ಮೌನಕ್ಕೆ ಸಂದ ಗೌರವ. ಇಂದು ಚೀಲದ ಬದಲು ತಂತಿ ಬಂದಿದೆ. ಹೊರುವವನ ಧರ್ಮವು ಬದಲಾಗಿಲ್ಲ. ಆ ಧರ್ಮವನ್ನು ಉಳಿಸಿಕೊಳ್ಳುವ ಹೊಣೆ ಸರ್ಕಾರದಷ್ಟೇ ನಮ್ಮದೂ ಆಗಿದೆ.